ಪಂಕ್ಚರ್ ಅಂಗಡಿಯಲ್ಲಿ ಹುಟ್ಟಿದ ಕಾಲು

ಸವಣೂರಿಗೆ ಬಂದ ನೆಂಟರು ದೊಡ್ಡಹುಣಸೆ ಮಠದ ಮೂರು ಮರಗಳನ್ನು ನೋಡುತ್ತಾರೆ, ಖಾರಾ ಕಟ್ಟಿಸಿಕೊಳ್ಳುತ್ತಾರೆ, ಎಲೆಯ ಕಟ್ಟು ಹಿಡಿದು ಬಸ್ಸು ಹತ್ತುತ್ತಾರೆ. ರಸ್ತೆಯ ಬದಿಗೆ ಪಂಕ್ಚರ್ ಅಂಗಡಿ ಇದೆಯೋ ಇಲ್ಲವೋ ಎಂದು ಯಾರೂ ನೋಡುವುದಿಲ್ಲ. ಗಾಡಿಯ ಗಾಳಿ ಹೋದಾಗ ಮಾತ್ರ ಅದರ ನೆನಪು.

ಹಾಗೆ ಗಾಳಿ ಹೋದ ದಿನ, ವಿದ್ಯಾರ್ಥಿಗಳೇ, ಗಾಡಿ ಬಿಟ್ಟು ಚಹಾದಂಗಡಿಯ ಕಡೆ ನಡೆಯಬೇಡಿ. ಹತ್ತು ನಿಮಿಷ ನಿಂತು ನೋಡಿ. ಆತ ಕುಕ್ಕರಗಾಲಿನಲ್ಲಿ ಕೂರುತ್ತಾನೆ. ಟಯರಿನ ಅಂಚು ಬಿಡಿಸಿ, ಟ್ಯೂಬಿಗೆ ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆಂದು ಹುಡುಕುತ್ತಾನೆ. ಆ ಜಾಗ ಉಜ್ಜಿ, ಸಲ್ಯೂಷನ್ ಹಚ್ಚಿ, ತೇಪೆ ಹಾಕುತ್ತಾನೆ. ಏಳುತ್ತಾನೆ, ಮತ್ತೆ ಕೂರುತ್ತಾನೆ. ಲಾರಿ ಬಂದು ನಿಂತಿತೆಂದರೆ ಕೆಲಸದ ಬಣ್ಣವೇ ಬೇರೆ. ಜಾಕ್ ಕೊಟ್ಟು, ಬಿಗಿದ ನಟ್ಟುಗಳನ್ನು ಮೈಭಾರ ಹಾಕಿ ಸಡಿಲಿಸಿ, ರಿಮ್ ಸಮೇತ ಸುಮಾರು 100 ಕೆ.ಜಿ. ತೂಗುವ ಗಾಲಿಯನ್ನು ಇಳಿಸಿ ಉರುಳಿಸಬೇಕು. ಇದನ್ನು ನಾವು ಕೈಕೆಲಸ ಎನ್ನುತ್ತೇವೆ. ಅರ್ಧ ಕೆಲಸ ಕಾಲಿನದು.

ಇಂಥ ಅಂಗಡಿಯವನು ಒಂದು ಕಾಲು ಕಳೆದುಕೊಂಡನೆಂದು ಇಟ್ಟುಕೊಳ್ಳಿ. ಅಪಘಾತವಿರಬಹುದು; ಸಕ್ಕರೆ ಕಾಯಿಲೆಯಿಂದ ಮಾಯದೆ ಉಳಿದ ಹುಣ್ಣಿರಬಹುದು; ಮುರಿದ ಕಾಲಿಗೆ ಬಿದಿರಿನ ಪಟ್ಟಿ ಅತಿಯಾಗಿ ಬಿಗಿದು, ರಕ್ತ ಹರಿಯದೆ ಕೊಳೆತದ್ದೂ ಇರಬಹುದು. ಮನೆಯವರು ಏನೆನ್ನುತ್ತಾರೆ? "ಆತು ಬಿಡಪ್ಪಾ, ಇನ್ನ ಕುಂತು ಮಾಡೋ ಕೆಲಸ ನೋಡೋಣು." ಪ್ರೀತಿಯ ಮಾತೇ. ಎಸ್‌ಟಿಡಿ ಬೂತುಗಳನ್ನು ಹಂಚುವ ಕಾಲದಲ್ಲಿ ಸರ್ಕಾರವೂ ಹೀಗೆಯೇ ಯೋಚಿಸಿ ಅಂಗವಿಕಲರಿಗೆ ಆದ್ಯತೆ ಕೊಟ್ಟಿತ್ತು. ಎಷ್ಟೋ ಮನೆಗಳ ಒಲೆ ಆ ಬೂತುಗಳಿಂದ ಉರಿಯಿತು. ಆಮೇಲೆ ಮೊಬೈಲ್ ಬಂತು, ಬೂತುಗಳು ಮುಚ್ಚಿದವು. ಪಂಕ್ಚರ್ ಅಂಗಡಿ ಉಳಿಯಿತು. ಕುಳಿತು ಮಾಡುವ ಕೆಲಸವೇ ಭದ್ರ ಎಂಬ ಲೆಕ್ಕ ತಪ್ಪಿತು.

ಹಾಗಾದರೆ ಕಾಲು ಹೋದವನು ತಾನು ಬಲ್ಲ ಕೆಲಸಕ್ಕೇ ಮರಳಬಲ್ಲನೇ? ಇದೇ ಪ್ರಶ್ನೆ 1960ರ ದಶಕದಲ್ಲಿ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯ ಮೂಳೆ ತಜ್ಞ ಡಾ. ಪ್ರಮೋದ್ ಕರಣ್ ಸೇಠಿ ಅವರನ್ನು ಕಾಡಿತು. ಕೃತಕ ಕಾಲು ಹಾಕಿಸಿಕೊಂಡು ಹಳ್ಳಿಗೆ ಹೋದವರು ಅದನ್ನು ಮೂಲೆಗಿಟ್ಟು ಊರುಗೋಲಿನ ಮೇಲೆ ಮರಳಿ ಬರುತ್ತಿದ್ದರು. ಕಾರಣ ಸರಳವಾಗಿತ್ತು. ಪಾಶ್ಚಾತ್ಯ ಮಾದರಿಯ ಆ ಪಾದ ಬೂಟಿನೊಳಗೆ ಇರಲೆಂದೇ ತಯಾರಾದದ್ದು. ಅದರಲ್ಲಿ ಕುಕ್ಕರಗಾಲಿನಲ್ಲಿ ಕೂರಲಾಗದು, ಚಕ್ಕಳಮಕ್ಕಳ ಹಾಕಿ ಉಣ್ಣಲಾಗದು, ಕೆಸರಿನ ಗದ್ದೆಗೆ ಇಳಿಯಲಾಗದು, ಗುಡಿಯ ಬಾಗಿಲಲ್ಲಿ ಕಳಚಲೂ ಆಗದು. ತಪ್ಪು ರೋಗಿಯದಲ್ಲ, ಪಾದದ್ದು ಎಂಬುದನ್ನು ಸೇಠಿ ಕಂಡುಕೊಂಡರು.

ಅವರ ಜೊತೆಗಿದ್ದವರು ರಾಮಚಂದ್ರ ಶರ್ಮಾ. ಹೆಚ್ಚು ಓದಿದವರಲ್ಲ, ಕುಶಲಕರ್ಮಿ. ಒಮ್ಮೆ ಅವರ ಸೈಕಲ್ ಪಂಕ್ಚರ್ ಆಯಿತಂತೆ. ರಿಪೇರಿಗೆ ನಿಂತಲ್ಲಿ ಸವೆದ ಲಾರಿ ಟಯರಿಗೆ ಹೊಸ ರಬ್ಬರ್ ಕೂರಿಸಿ ಕಾಯಿಸುವುದನ್ನು ನೋಡಿದರು. ಸಾವಿರಾರು ಮೈಲಿ ರಸ್ತೆಯನ್ನು ತಾಳುವ ಈ ರಬ್ಬರ್ ಪಾದವಾಗಬಾರದೇಕೆ? ಅಚ್ಚಿನಲ್ಲಿ ಪಾದ ಎರಕವಾಯಿತು. ಒಳಗೆ ಮರ ಮತ್ತು ಸ್ಪಂಜಿನಂಥ ಮೆತ್ತನೆಯ ರಬ್ಬರ್, ಹೊರಗೆ ಚರ್ಮದ ಬಣ್ಣದ ಗಟ್ಟಿ ರಬ್ಬರ್. ಬೂಟಿಲ್ಲದೆ ನಡೆಯಬಹುದು, ನೆನೆದರೂ ಕೆಡದು, ಎಲ್ಲಕ್ಕಿಂತ ಮುಖ್ಯವಾಗಿ ಬಾಗುತ್ತದೆ. 1968ರಲ್ಲಿ ರೂಪುಗೊಂಡ ಇದೇ ಜೈಪುರ ಕಾಲು. 1975ರಲ್ಲಿ ಡಿ. ಆರ್. ಮೆಹ್ತಾ ಅವರು ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಇದನ್ನು ಬಡವರಿಗೆ ಉಚಿತವಾಗಿ ತಲುಪಿಸಿತು. 1981ರಲ್ಲಿ ಸೇಠಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನರ್ತಕಿ ಸುಧಾ ಚಂದ್ರನ್ 1984ರಲ್ಲಿ ಇದೇ ಕಾಲಿನಿಂದ ಮತ್ತೆ ರಂಗವೇರಿದಾಗ ದೇಶವೇ ಚಪ್ಪಾಳೆ ತಟ್ಟಿತು.

ರಸ್ತೆ ಬದಿಯಲ್ಲಿ ದುಡಿಯುವವನಿಗೆ ಚಪ್ಪಾಳೆ ಬೀಳುವುದಿಲ್ಲ. ಅವನ ಕಷ್ಟವೂ ಕಾಲು ಬಂದ ದಿನಕ್ಕೇ ಮುಗಿಯುವುದಿಲ್ಲ. ಮಂಡಿಯ ಕೆಳಗೆ ಕಾಲು ಹೋದವನಿಗೆ ನಡೆಯಲು ಇತರರಿಗಿಂತ ಸುಮಾರು ಕಾಲು ಭಾಗ ಹೆಚ್ಚು ಶಕ್ತಿ ಬೇಕು. ಮಂಡಿಯೂ ಹೋಗಿದ್ದರೆ ಅರ್ಧಕ್ಕಿಂತ ಹೆಚ್ಚು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಉಳಿದ ಮೋಟುಗಾಲು ಬೆವರುತ್ತದೆ, ಉಜ್ಜಿ ಗಾಯವಾಗುತ್ತದೆ. ಪ್ರತಿ ರಾತ್ರಿ ಅದನ್ನು ತೊಳೆದು, ಒರೆಸಿ, ಕೆಂಪಾಗಿದೆಯೇ ಎಂದು ನೋಡಬೇಕು. ಒಂದು ಸಣ್ಣ ಹುಣ್ಣು ಎಂದರೆ ಹಲವು ದಿನಗಳ ಕೂಲಿ. ಆದ್ದರಿಂದ "ಎಂಥ ಛಲ!" ಎಂದು ಹೊಗಳಿ ಮುಂದೆ ಹೋದರೆ ಸಾಲದು. ಕೂರಲು ತಕ್ಕ ಎತ್ತರದ ಒಂದು ಮಣೆ, ಬಿಸಿಲಿಗೆ ಒಂದು ತಗಡಿನ ನೆರಳು, ಒಳ್ಳೆಯ ಜಾಕ್, ಲಾರಿಯ ಗಾಲಿ ಉರುಳಿಸಲು ಇನ್ನೊಂದು ಜೊತೆ ಕೈ ಸಿಕ್ಕರೆ ಅವನ ಛಲಕ್ಕೆ ಅಷ್ಟು ದುಡಿತ ತಪ್ಪುತ್ತದೆ.

ತಂದೆ ತಾಯಿಯರಿಗೆ ಒಂದು ಮಾತು. ಮಗುವಿಗೇ ಇಂಥ ಪೆಟ್ಟು ಬಿದ್ದರೆ ಮೊದಲು ಶಾಲೆ ಬಿಡಿಸಬೇಡಿ. ಬೆಳೆಯುವ ಮಗುವಿಗೆ ಕೃತಕ ಕಾಲನ್ನೂ ಅಳತೆ ನೋಡಿ ಬದಲಿಸುತ್ತಿರಬೇಕು. ಅದಕ್ಕೆ ಜೈಪುರಕ್ಕೇ ಹೋಗಬೇಕಿಲ್ಲ, ಹುಬ್ಬಳ್ಳಿಯಲ್ಲಿಯೇ ಮಹಾವೀರ ಲಿಂಬ್ ಸೆಂಟರ್ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇ. 40 ಅಥವಾ ಹೆಚ್ಚಿನ ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ರಷ್ಟು, ಸರ್ಕಾರಿ ನೌಕರಿಯಲ್ಲಿ ಶೇ. 4ರಷ್ಟು ಮೀಸಲಾತಿಯಿದೆ. ಇದು ಯಾರ ದಯೆಯೂ ಅಲ್ಲ. ಆ ಮಗು ಮುಂದೆ ಕುಳಿತು ಮಾಡುವ ಕೆಲಸ ಹಿಡಿಯಲಿ, ನಿಂತು ಮಾಡುವ ಕೆಲಸ ಹಿಡಿಯಲಿ, ಆರಿಸುವುದು ಅದಕ್ಕೇ ಬಿಟ್ಟದ್ದು.

ವಿದ್ಯಾರ್ಥಿಗಳಿಗೂ ಒಂದು ಪಾಠವಿದೆ. ದೊಡ್ಡ ಆಸ್ಪತ್ರೆಯ ವೈದ್ಯರಿಗೆ ಉತ್ತರ ಸಿಕ್ಕಿದ್ದು ಪುಸ್ತಕದಲ್ಲಲ್ಲ. ರೋಗಿ ನೆಲದ ಮೇಲೆ ಹೇಗೆ ಕೂರುತ್ತಾನೆ ಎಂದು ನೋಡಿದ್ದರಲ್ಲಿ, ಮತ್ತು ಟಯರಿನವನ ಕೆಲಸವನ್ನು ಗೌರವದಿಂದ ಗಮನಿಸಿದ್ದರಲ್ಲಿ. ಮುಂದಿನ ಬಾರಿ ಗಾಳಿ ಹೋದಾಗ ನಿಂತು ನೋಡಿ ಎಂದದ್ದು ಅದಕ್ಕೇ.