ಮೋಟಾರಿನ ನಗಾರಿ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿ, ನಾಡಿನ ಬೇರೆಡೆಗಳಂತೆಯೇ, ಅನೇಕ ಗುಡಿಗಳಲ್ಲಿ ಈಗ ಸಂಜೆಯ ಮಂಗಳಾರತಿ ಗೋಡೆಯ ಮೇಲಿನ ಒಂದು ಗುಂಡಿಯಿಂದ ಮೊದಲಾಗುತ್ತದೆ. ಗುಂಡಿ ಒತ್ತಿದೊಡನೆ ಮೂಲೆಯಲ್ಲಿರುವ ಕಬ್ಬಿಣದ ಚೌಕಟ್ಟು ಒಮ್ಮೆ ನಡುಗಿ, ನಗಾರಿ, ಜಾಗಟೆ, ಗಂಟೆಗಳೆಲ್ಲ ಏಕಕಾಲಕ್ಕೆ ಮೊಳಗತೊಡಗುತ್ತವೆ. ಹಿರಿಯರು ಕಿವಿ ಮುಚ್ಚಿಕೊಳ್ಳುತ್ತಾರೆ. ಮಕ್ಕಳು ಮಾತ್ರ ದೇವರಿಗೆ ಬೆನ್ನು ತಿರುಗಿಸಿ ಯಂತ್ರದ ಮುಂದೆಯೇ ನಿಂತಿರುತ್ತಾರೆ. ಅವರ ಅಭಿರುಚಿ ತಪ್ಪೆನ್ನಲಾಗದು. ಅಲ್ಲಿ ನೋಡತಕ್ಕದ್ದು ಬೇಕಾದಷ್ಟಿದೆ.

ಒಳಗಿನ ಏರ್ಪಾಡು ಬಹು ಸರಳವಾದುದು. ಮೋಟಾರೊಂದು ಪಟ್ಟಿಯ ಮೂಲಕ ಉದ್ದನೆಯ ದಂಡವನ್ನು ತಿರುಗಿಸುತ್ತದೆ. ದಂಡದ ಮೇಲೆ ಅಲ್ಲಲ್ಲಿ ಹಲ್ಲುಗಳಿವೆ. ಪ್ರತಿಯೊಂದು ಹಲ್ಲೂ ತನ್ನ ಸರದಿ ಬಂದಾಗ ಒಂದು ಕೋಲಿನ ಬಾಲವನ್ನು ಒತ್ತಿ ಬಿಡುತ್ತದೆ. ಬಿಟ್ಟೊಡನೆ ಸ್ಪ್ರಿಂಗು ಎಳೆದು ಕೋಲು ನಗಾರಿಯ ಮೇಲೆ ಬೀಳುತ್ತದೆ. ಇದಕ್ಕೆ ಗುಜರಿಯಂಗಡಿಯಲ್ಲಿ ದೊರಕದ ವಸ್ತು ಬಹುಶಃ ಯಾವುದೂ ಬೇಡ. ನಿಮಿಷಕ್ಕೆ ೧,೪೪೦ ಸುತ್ತು ತಿರುಗುವ ಸಾಮಾನ್ಯ ಮೋಟಾರಿಗೆ ೨ ಅಂಗುಲದ ಗಾಲಿ ಸಿಕ್ಕಿಸಿ, ಅದರಿಂದ ೨೪ ಅಂಗುಲದ ಹಳೆಯ ಸೈಕಲ್ ಗಾಲಿಗೆ ಪಟ್ಟಿ ಹಾಕಿದರೆ ವೇಗ ೧೨೦ ಸುತ್ತಿಗೆ ಇಳಿಯುತ್ತದೆ. ಸುತ್ತಿಗೊಂದು ಪೆಟ್ಟಿನಂತೆ ಸೆಕೆಂಡಿಗೆ ಎರಡು ಪೆಟ್ಟು. ಆರತಿಗೆ ಅಷ್ಟು ಧಾರಾಳವಾಯಿತು. ಈ ಲೆಕ್ಕವನ್ನು ಕಾಗದದ ಮೇಲಲ್ಲದೆ ಕೈಯಳತೆಯಲ್ಲಿಯೇ ಬಗೆಹರಿಸಬಲ್ಲ ಮಿಸ್ತ್ರಿಗಳು ನಮ್ಮ ಊರುಗಳಲ್ಲಿ ಇದ್ದಾರೆ. ಅವರನ್ನು ವಾದ್ಯ ನಿರ್ಮಾಪಕರೆಂದು ಯಾರೂ ಕರೆಯುವುದಿಲ್ಲ. ಚೌಕಟ್ಟಿನ ಮೇಲೆ ದಪ್ಪಕ್ಷರಗಳಲ್ಲಿ ಇರುವುದು ದಾನ ಕೊಟ್ಟವರ ಹೆಸರು.

ಹಾಗೆ ಕರೆದಿದ್ದರೆ ಅವರು ನಿಲ್ಲುತ್ತಿದ್ದುದು ಸಣ್ಣ ಸಾಲಿನಲ್ಲೇನೂ ಅಲ್ಲ. ಇಂದಿನ ತುರ್ಕಿಯ ಸೀಮೆಯಲ್ಲಿದ್ದ ಅಲ್ ಜಜರಿ ಎಂಬ ಯಂತ್ರಶಿಲ್ಪಿ ೧೨೦೬ರಲ್ಲಿ ಮುಗಿಸಿದ ಗ್ರಂಥದಲ್ಲಿ ಒಂದು ದೋಣಿಯ ವರ್ಣನೆಯಿದೆ. ಅದರಲ್ಲಿ ಕುಳಿತ ಬೊಂಬೆ ವಾದ್ಯಗಾರರ ಕೈಗಳನ್ನು ನೀರಿನ ಬಲದಿಂದ ತಿರುಗುವ ದಂಡದ ಗೂಟಗಳು ಎತ್ತಿ ಇಳಿಸುತ್ತಿದ್ದವು. ನೀರಿನ ಜಾಗದಲ್ಲಿ ವಿದ್ಯುತ್ತನ್ನಿಟ್ಟರೆ ಅದೇ ನಮ್ಮ ನಗಾರಿ. ಜಪಾನಿನ ನಗೋಯಾದಲ್ಲಿ ೧೯೧೨ರಲ್ಲಿ ಗೋರೋ ಮೊರಿತಾ ಎಂಬಾತ ಟೈಪ್‌ರೈಟರಿನ ಕೀಲಿಗಳ ಮಾದರಿಯನ್ನು ತಂತಿವಾದ್ಯಕ್ಕೆ ಅಳವಡಿಸಿದ. ಅದೇ ನಮ್ಮಲ್ಲಿಗೆ ಬುಲ್‌ಬುಲ್ ತರಂಗವಾಗಿ ಬಂದು ಮನೆಮನೆಯ ಮಕ್ಕಳ ಕೈಗೆ ಸಿಕ್ಕಿತು. ಅಮೆರಿಕದ ಲಾರೆನ್ಸ್ ಹ್ಯಾಮಂಡ್ ವಿದ್ಯುತ್ ಗಡಿಯಾರಗಳನ್ನು ಮಾಡುತ್ತಿದ್ದವನು. ಗಡಿಯಾರದ ಮೋಟಾರಿನಿಂದ ಹಲ್ಲುಗಾಲಿಗಳನ್ನು ಅಯಸ್ಕಾಂತದೆದುರು ತಿರುಗಿಸಿ ಸ್ವರ ಹೊರಡಿಸುವ ಆರ್ಗನ್ನನ್ನು ಅವನು ೧೯೩೫ರಲ್ಲಿ ಮಾರುಕಟ್ಟೆಗೆ ತಂದ. ಇವರೆಲ್ಲರೂ ಒಂದು ಕೆಲಸಕ್ಕೆಂದು ಹುಟ್ಟಿದ ಸಲಕರಣೆಯನ್ನು ಮತ್ತೊಂದಕ್ಕೆ ಹಚ್ಚಿದವರೇ.

ಆದರೆ ಮೋಟಾರಿನ ನಗಾರಿಗೆ ಒಂದು ದೊಡ್ಡ ಊನವಿದೆ. ಅದಕ್ಕೆ ಕಾಯುವುದು ಗೊತ್ತಿಲ್ಲ. ನಗಾರಿಯವನು ಅರ್ಚಕರ ಕೈಯನ್ನು ನೋಡುತ್ತ ಬಾರಿಸುತ್ತಿದ್ದ. ಆರತಿ ಮೆಲ್ಲಗೆ ಸುತ್ತುವಾಗ ಪೆಟ್ಟೂ ಮೆಲ್ಲಗೆ. ಕರ್ಪೂರ ಧಗ್ಗನೆ ಹೊತ್ತಿಕೊಂಡಾಗ ಎರಡೂ ಕೋಲು ಒಟ್ಟಿಗೆ ಓಡುವವು. ಮುಕ್ತಾಯದಲ್ಲಿ ಮೂರು ಬಿಡಿ ಪೆಟ್ಟು. ಯಂತ್ರದ್ದು ಮೊದಲಿನಿಂದ ಕೊನೆಯವರೆಗೆ ಒಂದೇ ಓಟ. ಬಾದಾಮಿಯ ಒಂದನೆಯ ಗುಹೆಯಲ್ಲಿ ಹದಿನೆಂಟು ಕೈಗಳ ನಟರಾಜನ ಬಳಿ ಚಾಲುಕ್ಯರ ಶಿಲ್ಪಿ ಗಣಪತಿ ನಂದಿಗಳಲ್ಲದೆ ಮದ್ದಳೆ ನುಡಿಸುವವನೊಬ್ಬನನ್ನೂ ಕೂರಿಸಿದ್ದಾನೆ. ಶಿವನ ಕೈಯಲ್ಲಿಯೇ ಡಮರುವಿರುವಾಗ ಇವನೇಕೆ ಎಂದು ಕೇಳಬಹುದು. ಕುಣಿಯುವವನನ್ನು ನೋಡಿ ನುಡಿಸುವವನೊಬ್ಬ ಬೇಕೆಂಬುದು ಶಿಲ್ಪಿಗೆ ತಿಳಿದಿತ್ತು.

ನಗಾರಿಯವನಿಗೆ ಸುಗ್ಗಿಯಲ್ಲಿ ರೈತರು ಕಣದಿಂದಲೇ ಆಯ ಅಳೆದು ಕೊಡುತ್ತಿದ್ದ ಕಾಲವಿತ್ತು. ಆಯ ನಿಂತಿತು, ಮಕ್ಕಳು ದುಡಿಮೆ ಹುಡುಕಿಕೊಂಡು ಬೇರೆ ಊರುಗಳಿಗೆ ಹೋದರು. ಆಮೇಲೆ ಯಂತ್ರ ಬಂದಿತೆನ್ನುವವರಿದ್ದಾರೆ. ಯಂತ್ರ ಬಂದದ್ದರಿಂದಲೇ ಹೋದರೆನ್ನುವವರೂ ಇದ್ದಾರೆ. ಎರಡೂ ಸ್ವಲ್ಪ ಸ್ವಲ್ಪ ನಿಜವಿರಬೇಕು. ಒಂದು ಮಾತಂತೂ ಖಂಡಿತ: ದಿನಕ್ಕೆರಡು ಬಾರಿ ತಪ್ಪದೆ ಬಂದು ಬಾರಿಸೆಂದು ಕೇಳುವ ಊರು, ಅದಕ್ಕೆ ತಕ್ಕ ಕೂಲಿಯ ಮಾತು ಬಂದಾಗ ಮೌನ ತಾಳುತ್ತದೆ. ಕೊನೆಗೆ ವಿದ್ಯುತ್ತು ಹೋದ ದಿನ ಯಾರೋ ಎದ್ದು ಅಟ್ಟದ ಮೇಲಿನ ಹಳೆಯ ಜಾಗಟೆಯನ್ನು ಹುಡುಕುತ್ತಾರೆ.

ಈ ಊನಕ್ಕೆ ಅರ್ಧ ಪರಿಹಾರವಾದರೂ ಇಳಕಲ್ಲಿನಲ್ಲಿಯೇ ಇದೆ. ಅಲ್ಲಿಯ ಸೀರೆಯ ದಡಿಯ ಚಿತ್ತಾರವನ್ನು ಜಕಾರ್ಡ್ ಎಂಬ ಏರ್ಪಾಡಿನಿಂದ ನೇಯುವ ಮಗ್ಗಗಳುಂಟು. ಫ್ರಾನ್ಸಿನ ಲಿಯಾನ್ ಪಟ್ಟಣದ ನೇಕಾರ ಜೋಸೆಫ್ ಜಕಾರ್ಡ್ ೧೮೦೪ರಲ್ಲಿ ಸಿದ್ಧಗೊಳಿಸಿದ ಯಂತ್ರವದು. ತೂತು ಹೊಡೆದ ರಟ್ಟುಗಳು ಸರಪಳಿಯಂತೆ ಒಂದರ ಹಿಂದೊಂದು ಬರುತ್ತವೆ. ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ರಟ್ಟು ಬದಲಿಸಿದರೆ ದಡಿಯೇ ಬದಲು. ಎಳೆಯ ಬದಲಿಗೆ ಕೋಲನ್ನು ಎಬ್ಬಿಸಿದರೆ ಅದೇ ರಟ್ಟು ತಾಳದ ಬರಹವಾಗುತ್ತದೆ. ಪಾಶ್ಚಾತ್ಯರು ತೂತಿನ ಕಾಗದದ ಸುರುಳಿಯಿಂದ ತಾನಾಗಿ ನುಡಿಯುವ ಪಿಯಾನೋ ಮಾಡಿದ್ದು ಹೀಗೆಯೇ. ನಿತ್ಯದ ಆರತಿಗೆ ಒಂದು ರಟ್ಟಿನ ಸರ, ಶ್ರಾವಣ ಸೋಮವಾರಕ್ಕೆ ಇನ್ನೊಂದು, ಬನಶಂಕರಿಯ ಜಾತ್ರೆಗೆ ಮತ್ತೊಂದು.

ತೊಡಕಿಲ್ಲವೆಂದಲ್ಲ. ಮಗ್ಗದ ಕೊಕ್ಕೆ ಎತ್ತುವುದು ನೂಲಿನ ಭಾರ. ನಗಾರಿಯ ಕೋಲಿನ ಭಾರಕ್ಕೆ ಅದು ಬಾಗಿ ಹೋದೀತು. ಆದ್ದರಿಂದ ರಟ್ಟಿನ ತೂತು ವಿದ್ಯುತ್ತಿನ ಗುಂಡಿಯನ್ನಷ್ಟೇ ಒತ್ತಬೇಕು, ಕೋಲನ್ನು ವಿದ್ಯುದಯಸ್ಕಾಂತ ಎಳೆಯಬೇಕು. ಹಳೆಯ ವಿದ್ಯುತ್ ಕರೆಗಂಟೆಯೊಳಗೆ ಅಂಥದೊಂದು ಪುಟ್ಟ ಅಯಸ್ಕಾಂತ ಇದ್ದೇ ಇದೆ. ಅದೇ ತತ್ತ್ವದಿಂದ ದೊಡ್ಡದನ್ನು ಸುತ್ತಿಕೊಳ್ಳುವುದು ಮಿಸ್ತ್ರಿಗೆ ಕಷ್ಟವಲ್ಲ. ರಟ್ಟನ್ನು ನೇಕಾರ ಕೊಟ್ಟಾನು. ಯಾವ ತೂತು ಎಲ್ಲಿ ಬೀಳಬೇಕೆಂದು ಹೇಳುವುದಕ್ಕೆ ಮಾತ್ರ ನಗಾರಿಯವನನ್ನೇ ಅವನ ಮನೆಯವರೆಗೆ ಹೋಗಿ ಕರೆತರಬೇಕಾಗುತ್ತದೆ, ಈ ಸಲ ಕೂಲಿಯ ಮಾತನ್ನು ಮೊದಲೇ ಆಡಿ.