ನಮ್ಮ ಮೈ, ನಮ್ಮ ಸಹಿ

ಕಳೆದ ವರ್ಷದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ವಯಸ್ಸು ನಲವತ್ತು ದಾಟಿದೆ, ಇಬ್ಬರು ಮಕ್ಕಳ ತಾಯಿ. ಅದಕ್ಕೂ ಎರಡು ವರ್ಷ ಹಿಂದೆ ಕ್ಯಾನ್ಸರ್‌ನಿಂದಾಗಿ ಅವಳ ಎಡ ಸ್ತನವನ್ನು ಪೂರ್ತಿ ತೆಗೆಯಬೇಕಾಗಿತ್ತು. ಕಾಯಿಲೆ ವಾಸಿಯಾಯಿತು, ಮೈ ಚೇತರಿಸಿಕೊಂಡಿತು. ಆದರೆ ಮನೆಯಲ್ಲಿ ಹೊಸದೊಂದು ಮಾತು ಹುಟ್ಟಿಕೊಂಡಿತ್ತು.

“ಅದನ್ನು ಸರಿಮಾಡಿಸಿಕೊಳ್ಳಲಿ, ಖರ್ಚು ತವರಿನವರು ಕೊಡಲಿ ಅಂತ ಅತ್ತೆ ಹೇಳ್ತಾರೆ ಮೇಡಂ. ಇವರು ಕೇಳಿಯೂ ಕೇಳದ ಹಾಗೆ ಕೂತಿರ್ತಾರೆ. ನಾನು ಎಂತ ಮಾಡುದು?”

“ನಿನಗೆ ಬೇಕಾ?” ಎಂದು ಕೇಳಿದೆ.

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇದನ್ನು ಯಾರೂ ಇಷ್ಟರವರೆಗೆ ಕೇಳಲಿಲ್ಲ ಮೇಡಂ” ಎಂದಳು.

ಗೆಳತಿಯರೇ, ಈ ಲೇಖನ ಬರೆಯಲು ಕಾರಣ ಅವಳ ಆ ಒಂದು ಮಾತು. ಸ್ತನದ ಇಂಪ್ಲಾಂಟ್, ಅಂದರೆ ಶಸ್ತ್ರಚಿಕಿತ್ಸೆಯಿಂದ ಒಳಗೆ ಕೂರಿಸುವ ಕೃತಕ ಸ್ತನ, ಸಿನಿಮಾದವರಿಗೆ ಮಾತ್ರ ಸಂಬಂಧಿಸಿದ ವಿಷಯ ಎಂದು ನಾನೂ ಭಾವಿಸಿದ್ದೆ. ಆದರೆ ಇಂದು ಭಾರತದ ಹೆಂಗಸರಲ್ಲಿ ಅತಿ ಹೆಚ್ಚು ಕಾಣಿಸುವ ಕ್ಯಾನ್ಸರ್ ಸ್ತನ ಕ್ಯಾನ್ಸರೇ. 2022ರ ಅಂದಾಜಿನಂತೆ ಒಂದೇ ವರ್ಷದಲ್ಲಿ ಸುಮಾರು 1 ಲಕ್ಷ 90 ಸಾವಿರ ಹೊಸ ಪ್ರಕರಣಗಳು. ನಮ್ಮ ಮಂಗಳೂರಂತೂ ಆಸ್ಪತ್ರೆಗಳ ಊರು. ಕಾಸರಗೋಡು, ಕೊಡಗು, ಉತ್ತರ ಕನ್ನಡಗಳಿಂದಲೂ ಚಿಕಿತ್ಸೆಗೆ ಇಲ್ಲಿಗೇ ಬರುತ್ತಾರೆ. ಈ ಪ್ರಶ್ನೆ ನಾಳೆ ನಮ್ಮ ಸಂಘದ ಯಾವ ಸದಸ್ಯೆಯ ಮನೆಬಾಗಿಲಿಗೂ ಬರಬಹುದು.

ನಾವು ಮೊದಲು ಹೋದ ಕಡೆ ಆದದ್ದನ್ನು ಹೇಳಲೇಬೇಕು. ಅವಳ ಗಂಡನೂ ಬಂದಿದ್ದ. ಡಾಕ್ಟರು ಬಣ್ಣದ ಚಿತ್ರಗಳಿದ್ದ ಪುಸ್ತಕವನ್ನು ತೆರೆದು ಗಂಡನ ಮುಂದಿಟ್ಟರು. ಯಾವ ಗಾತ್ರ, ಯಾವ ಆಕಾರ ಎಂಬ ಪ್ರಶ್ನೆಗಳೆಲ್ಲ ಅವನಿಗೆ. ಉತ್ತರಿಸಿದವನೂ ಅವನೇ. ಅಲಮಾರು ಕೊಳ್ಳಲು ಅಂಗಡಿಗೆ ಹೋದವರ ಹಾಗೆ ಇಬ್ಬರು ಗಂಡಸರು ಮಾತಾಡುತ್ತಿದ್ದರು. ಯಾರ ಎದೆಯನ್ನು ಕೊಯ್ದು ಅದನ್ನು ಇಡಬೇಕೋ ಅವಳು ಪಕ್ಕದ ಕುರ್ಚಿಯಲ್ಲಿ ಸೆರಗು ಬಿಗಿಹಿಡಿದು ಕುಳಿತಿದ್ದಳು. ನಾವು ಎದ್ದು ಬಂದೆವು.

ಇದು ಇಂದು ನಿನ್ನೆಯ ಕಥೆಯಲ್ಲ. ಸಿಲಿಕೋನ್ ಇಂಪ್ಲಾಂಟನ್ನು ಮೊತ್ತಮೊದಲು ಒಬ್ಬ ಹೆಂಗಸಿನ ಎದೆಯಲ್ಲಿ ಇಟ್ಟದ್ದು 1962ರಲ್ಲಿ, ಅಮೆರಿಕದ ಟೆಕ್ಸಾಸ್‌ನಲ್ಲಿ. ಆಕೆ ಆರು ಮಕ್ಕಳ ತಾಯಿ. ಆಸ್ಪತ್ರೆಗೆ ಹೋದದ್ದು ಎದೆಯ ಮೇಲಿನ ಹಚ್ಚೆಯನ್ನು ತೆಗೆಸಿಕೊಳ್ಳಲು. ಹೊಸ ಸಾಧನದ ಪ್ರಯೋಗಕ್ಕೆ ಒಪ್ಪುತ್ತೀಯಾ ಎಂದು ಕೇಳಿದವರು ಡಾಕ್ಟರರು. ಆಕೆಗೆ ಬೇಕಾಗಿದ್ದದ್ದು ಮುಂದಕ್ಕೆ ಚಾಚಿದ್ದ ತನ್ನ ಕಿವಿಗಳನ್ನು ಸರಿಮಾಡಿಸಿಕೊಳ್ಳುವುದು! ಹೆಣ್ಣಿನ ಮೈಗೆ ಏನು ಬೇಕೆಂದು ಬೇರೆಯವರೇ ನಿರ್ಧರಿಸುವ ಅಭ್ಯಾಸ ಈ ಸಾಧನದ ಹುಟ್ಟಿನಿಂದಲೇ ಬಂದಿದೆ.

ಎರಡನೆಯ ಬಾರಿ ನಾವು ಕಂಡ ಸರ್ಜನ್ ಗಂಡನನ್ನು ನಯವಾಗಿ ಹೊರಗೆ ಕೂರಿಸಿದರು. ಸುಮಾರು ಒಂದು ಗಂಟೆ ಅವಳೊಡನೆಯೇ ಮಾತಾಡಿದರು. ಆ ದಿನ ತಿಳಿದದ್ದನ್ನೂ ಆಮೇಲೆ ನಾನು ಓದಿಕೊಂಡದ್ದನ್ನೂ ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಮೊದಲನೆಯದಾಗಿ, ಇಂಪ್ಲಾಂಟ್ ಒಂದೇ ದಾರಿಯಲ್ಲ. ಹೊಟ್ಟೆಯ ಅಥವಾ ಬೆನ್ನಿನ ಸ್ವಂತ ಮಾಂಸ, ಚರ್ಮದಿಂದಲೇ ಸ್ತನವನ್ನು ರೂಪಿಸಬಹುದು. ಅದು ದೊಡ್ಡ ಶಸ್ತ್ರಚಿಕಿತ್ಸೆ, ಚೇತರಿಕೆಗೆ ಹೆಚ್ಚು ದಿನ ಬೇಕು. ಆದರೆ ಸ್ವಂತ ಮಾಂಸದಿಂದಷ್ಟೇ ರೂಪಿಸಿದರೆ ಹೊರಗಿನ ವಸ್ತುವೊಂದು ಒಳಗೆ ಉಳಿಯುವುದಿಲ್ಲ. ಏನೂ ಮಾಡಿಸಿಕೊಳ್ಳದೆ ರವಕೆಯ ಒಳಗೆ ಇಟ್ಟುಕೊಳ್ಳುವ ಕೃತಕ ಸ್ತನವನ್ನು ಬಳಸಬಹುದು. ಅದೂ ಬೇಡವೆಂದರೆ ಇದ್ದ ಹಾಗೆಯೇ ಇರಬಹುದು. ಅವಸರವಂತೂ ಇಲ್ಲ. ವರ್ಷಗಳ ನಂತರವೂ ಸ್ತನದ ಮರುರಚನೆ ಸಾಧ್ಯ. ಇನ್ನೊಂದು ಮಾತು: ಕ್ಯಾನ್ಸರ್ ಆರಂಭದ ಹಂತದಲ್ಲೇ ಪತ್ತೆಯಾದರೆ ಅನೇಕರಿಗೆ ಗಡ್ಡೆಯನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ಕೊಟ್ಟು ಸ್ತನವನ್ನು ಉಳಿಸಬಹುದು. ಬದುಕುಳಿಯುವ ಸಾಧ್ಯತೆ ಪೂರ್ತಿ ತೆಗೆಸಿಕೊಂಡವರಷ್ಟೇ ಇರುತ್ತದೆ. ಆದುದರಿಂದ ಗಡ್ಡೆ ಕಂಡರೆ ನಾಚಿಕೆಯಿಂದ ಮುಚ್ಚಿಡಬಾರದು.

ಇಂಪ್ಲಾಂಟನ್ನೇ ಆರಿಸಿಕೊಳ್ಳುವುದಾದರೆ ಅದರಲ್ಲಿಯೂ ಬಗೆಗಳಿವೆ. ಹೊರಚೀಲ ಎಲ್ಲದರಲ್ಲೂ ಸಿಲಿಕೋನಿನದೇ. ಒಳಗೆ ಉಪ್ಪುನೀರು ಇರಬಹುದು, ಇಲ್ಲವೇ ಸಿಲಿಕೋನ್ ಜೆಲ್ ಇರಬಹುದು. ಉಪ್ಪುನೀರಿನದು ಒಡೆದರೆ ನೀರನ್ನು ದೇಹ ಹೀರಿಕೊಳ್ಳುತ್ತದೆ, ಸ್ತನ ಕುಗ್ಗಿ ಕೂಡಲೇ ಗೊತ್ತಾಗುತ್ತದೆ. ಜೆಲ್‌ನದು ಮುಟ್ಟಲು ಹೆಚ್ಚು ಸಹಜವೆನಿಸುತ್ತದೆ, ಆದರೆ ಒಡೆದರೂ ಹೊರಗೆ ತಿಳಿಯದೆ ಇರಬಹುದು. ಆದ್ದರಿಂದ ಹಾಕಿಸಿಕೊಂಡ ಐದಾರು ವರ್ಷಗಳ ನಂತರ ಮೊದಲ ಬಾರಿ, ಆಮೇಲೆ ಎರಡು ಮೂರು ವರ್ಷಗಳಿಗೊಮ್ಮೆ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್ ಮಾಡಿಸಿ ನೋಡಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹೇಳುತ್ತದೆ. ಆಕಾರದಲ್ಲಿ ದುಂಡಗಿನದು, ಹನಿಯಂತಿರುವುದು ಎಂದು ಎರಡು. ಹನಿಯಂಥದ್ದು ಒಳಗೆ ತಿರುಗಿಕೊಂಡರೆ ಸ್ತನದ ರೂಪವೇ ಕೆಡುತ್ತದೆ. ಗಾತ್ರವನ್ನು ತೀರ್ಮಾನಿಸಬೇಕಾದದ್ದು ನಿಮ್ಮ ಎದೆಯ ಅಗಲ, ಚರ್ಮದ ಸ್ಥಿತಿ, ಇನ್ನೊಂದು ಸ್ತನದ ಅಳತೆ ಇವುಗಳಿಂದಲೇ ಹೊರತು ಚಿತ್ರದ ಪುಸ್ತಕದಿಂದ ಅಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಹೊರಮೈ. ನುಣುಪಾದದ್ದೂ ಇದೆ, ತರಿತರಿಯಾದದ್ದೂ ಇದೆ. ತರಿಮೈಯ ಇಂಪ್ಲಾಂಟಿನ ಸುತ್ತ ಅಪರೂಪಕ್ಕೆ ಒಂದು ಬಗೆಯ ರಕ್ತಕೋಶದ ಕ್ಯಾನ್ಸರ್, ಲಿಂಫೋಮಾ, ಹುಟ್ಟುವುದು ಕಂಡುಬಂದಿದೆ. ಈ ಕಾರಣದಿಂದಲೇ ಅಲರ್ಗನ್ ಎಂಬ ಕಂಪೆನಿ 2019ರ ಜುಲೈಯಲ್ಲಿ ತನ್ನ ಬಯೋಸೆಲ್ ಹೆಸರಿನ ತರಿಮೈಯ ಇಂಪ್ಲಾಂಟುಗಳನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಅದಕ್ಕೂ ಮೊದಲು ಫ್ರಾನ್ಸಿನ ಪಿಐಪಿ ಎಂಬ ಕಂಪೆನಿ ದುಡ್ಡು ಉಳಿಸಲು ಕಾರ್ಖಾನೆಗಳಲ್ಲಿ ಬಳಸುವ ಸಿಲಿಕೋನನ್ನೇ ತುಂಬಿ ಮಾರಿದ್ದು 2010ರಲ್ಲಿ ಬಯಲಾಯಿತು. ಅಷ್ಟರಲ್ಲಿ ಲಕ್ಷಾಂತರ ಹೆಂಗಸರ ಮೈಯೊಳಗೆ ಅದು ಸೇರಿತ್ತು. ಅದರ ಸ್ಥಾಪಕನಿಗೆ 2013ರಲ್ಲಿ ನಾಲ್ಕು ವರ್ಷಗಳ ಸೆರೆಮನೆ ಶಿಕ್ಷೆಯಾಯಿತು. ಆದ್ದರಿಂದ ಕಂಪೆನಿಯ ಹೆಸರು ಮತ್ತು ನಂಬರ್ ಇರುವ ಚೀಟಿಯನ್ನು ಆಸ್ಪತ್ರೆಯಿಂದ ಕೇಳಿ ಪಡೆದು ರೇಷನ್ ಕಾರ್ಡಿನಷ್ಟೇ ಜೋಪಾನವಾಗಿಡಿ.

ಇಂಪ್ಲಾಂಟ್ ಜೀವಮಾನವಿಡೀ ಬಾಳುವ ವಸ್ತುವಲ್ಲ. ಸುತ್ತಲಿನ ಅಂಗಾಂಶ ಗಟ್ಟಿಯಾಗಿ ಬಿಗಿದು ನೋವು ಕೊಡಬಹುದು, ಸೋಂಕು ತಗಲಬಹುದು, ಮುಂದೆ ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದು. ವಿಕಿರಣ ಚಿಕಿತ್ಸೆ ಪಡೆದವರಿಗೆ ಈ ಅಪಾಯ ಹೆಚ್ಚು. ಮೊದಲಿನ ಸ್ಪರ್ಶಜ್ಞಾನವೂ ಪೂರ್ತಿ ಮರಳುವುದಿಲ್ಲ. ಅಮೆರಿಕದಲ್ಲಿ 2021ರಿಂದ ಇಂಥ ವಿಷಯಗಳ ಪಟ್ಟಿಯೊಂದನ್ನು ರೋಗಿಯ ಮುಂದಿಟ್ಟು ವಿವರಿಸುವ ಡಾಕ್ಟರರಿಗೆ ಮಾತ್ರ ಇಂಪ್ಲಾಂಟ್ ಮಾರಬೇಕೆಂಬ ನಿಯಮವಿದೆ. ನಮ್ಮ ಪಟ್ಟಿಯನ್ನು ನಾವೇ ಬರೆದುಕೊಂಡು ಹೋಗಬಹುದಲ್ಲ? ಯಾವ ಬಗೆ, ಯಾಕೆ ಅದೇ, ಎಷ್ಟು ಬಾರಿ ಕೊಯ್ಯಬೇಕು, ಒಡೆದರೆ ಏನು, ಮುಂದಿನ ಪರೀಕ್ಷೆಗಳ ಖರ್ಚೆಷ್ಟು, ನಿಮಗೆ ಪ್ಲಾಸ್ಟಿಕ್ ಸರ್ಜರಿಯ ಎಂ.ಸಿಎಚ್. ಅಥವಾ ಡಿಎನ್‌ಬಿ ಪದವಿ ಇದೆಯೇ? ಹೀಗೆ ಕೇಳುವುದು ಅಧಿಕಪ್ರಸಂಗವಲ್ಲ. ಕೇಳಿದರೆ ಸಿಡುಕುವವರಲ್ಲಿ ಮೈ ಕೊಡದಿರುವುದೇ ಲೇಸು.

ಇನ್ನು ಸಹಿಯ ವಿಚಾರ. ಗಂಡ ಸಹಿ ಹಾಕಿದರೆ ಆಯಿತು ಎಂದು ಇಂದಿಗೂ ಎಷ್ಟೋ ಮಂದಿ ನಂಬಿದ್ದಾರೆ. ದೆಹಲಿಯಲ್ಲಿ ಸಮೀರಾ ಕೊಹ್ಲಿ ಎಂಬವರು ಪರೀಕ್ಷೆಗೆಂದು ಅರಿವಳಿಕೆಯಲ್ಲಿ ಮಲಗಿದ್ದಾಗ ಡಾಕ್ಟರು ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಬಿಟ್ಟರು. ಆ ಮೊಕದ್ದಮೆಯಲ್ಲಿ 2008ರ ಜನವರಿ 16ರಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಪ್ರಾಯಕ್ಕೆ ಬಂದ, ಬುದ್ಧಿ ಸ್ವಾಧೀನದಲ್ಲಿರುವ ಹೆಂಗಸಿನ ಒಪ್ಪಿಗೆಯನ್ನು ಅವಳಿಂದಲೇ ಪಡೆಯಬೇಕು. ಜೀವ ಉಳಿಸುವ ತುರ್ತು ಇಲ್ಲದಿದ್ದಾಗ ಅವಳ ಪರವಾಗಿ ಬೇರೊಬ್ಬರು ಒಪ್ಪಿದರೆ ಸಾಲದು. ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ದಾರಿಗಳು ಎಲ್ಲವನ್ನೂ ಅವಳಿಗೆ ತಿಳಿಸಬೇಕು.

“ಖರ್ಚು ತವರಿನವರು ಕೊಡಲಿ” ಎಂಬ ಮಾತಿಗೆ ಬರುತ್ತೇನೆ. ಮದುವೆಯಲ್ಲಿ ಚಿನ್ನ ಕೇಳಿದವರು ಹದಿನೈದು ವರ್ಷದ ನಂತರ ಶಸ್ತ್ರಚಿಕಿತ್ಸೆಯ ಬಿಲ್ಲನ್ನು ಕೇಳಿದರೆ ಎರಡಕ್ಕೂ ವ್ಯತ್ಯಾಸವೇನು? ಹಾಳಾದ ಸರಕನ್ನು ಮಾರಿದವರೇ ರಿಪೇರಿ ಮಾಡಿಕೊಡಲಿ ಎಂಬ ಲೆಕ್ಕವಲ್ಲವೇ ಇದು? ರೋಗದಿಂದ ಬಳಲಿದವಳ ಮೈಯನ್ನು ಹೀಯಾಳಿಸುವುದು, ಹಣ ತಾ ಎಂದು ಪೀಡಿಸುವುದು, ಅವಳ ಚಿನ್ನವನ್ನು ಕಿತ್ತು ಮಾರುವುದು 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ ಪ್ರಕಾರ ಹಿಂಸೆಯೇ. ಮಹಿಳಾ ಸಹಾಯವಾಣಿ 181 ಇದೆ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವೂ ಸಿಗುತ್ತದೆ.

ನಮ್ಮ ಸಂಘಗಳು ಏನು ಮಾಡಬಹುದು? ಸದಸ್ಯೆಯೊಬ್ಬಳು ಇಂಥ ಚಿಕಿತ್ಸೆಗೆ ಸಾಲ ಕೇಳಿದರೆ “ಎಷ್ಟು ಬೇಕು” ಎಂದು ಕೇಳುವ ಮೊದಲು “ನಿನಗೆ ಬೇಕಾ” ಎಂದು ಕೇಳೋಣ. ಸರ್ಜನ್ ಬಳಿಗೆ ಹೋಗುವಾಗ ಪ್ರಶ್ನೆಗಳ ಚೀಟಿ ಹಿಡಿದು ಒಬ್ಬರು ಜೊತೆಗೆ ಹೋಗೋಣ. ಯಾವ ಯೋಜನೆಯಲ್ಲಿ ಎಷ್ಟು ಖರ್ಚು ಸಿಗುತ್ತದೆಂದು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಮೊದಲೇ ವಿಚಾರಿಸೋಣ.

ನನ್ನ ವಿದ್ಯಾರ್ಥಿನಿ ಎಂಟು ತಿಂಗಳು ಯೋಚಿಸಿದಳು. ತವರಿನಿಂದ ಒಂದು ಪೈಸೆಯನ್ನೂ ತರುವುದಿಲ್ಲವೆಂದು ಗಂಡನೆದುರು ಹೇಳಿದಳು. ಆಮೇಲೆ, ತನಗೇ ಬೇಕೆನಿಸಿದಾಗ, ಇಬ್ಬರ ಸಂಪಾದನೆಯ ಉಳಿತಾಯದಿಂದ, ನುಣುಪು ಮೈಯ ದುಂಡಗಿನ ಇಂಪ್ಲಾಂಟನ್ನು ಹಾಕಿಸಿಕೊಂಡಳು. ನಮ್ಮ ಬೀದಿಯಲ್ಲೇ ಇರುವ ಇನ್ನೊಬ್ಬಾಕೆ ಅದೇ ಕಾಯಿಲೆಯಿಂದ ಗುಣವಾಗಿ, ಏನೂ ಬೇಡವೆಂದು ಸುಮ್ಮನಾದರು. ಅವರು ದಿನಾ ಬೆಳಿಗ್ಗೆ ಮೀನು ಮಾರ್ಕೆಟ್ಟಿನಲ್ಲಿ ಸಿಗುತ್ತಾರೆ, ಚೌಕಾಶಿಗೆ ಮೊದಲಿನಷ್ಟೇ ಗಟ್ಟಿಗರು. ಇಬ್ಬರ ತೀರ್ಮಾನವೂ ಸರಿಯೇ. ಯಾಕೆಂದರೆ ತೀರ್ಮಾನಿಸಿದವರು ಅವರೇ.