ಹದಿನೈದು ಸಾವಿರದ ಟಾಕೀಸು

ಈ ವಾರ ತಾರೆಯರ ಸುದ್ದಿಗೆ ರಜ. ಯಾವ ನಾಯಕ ಯಾವ ನಿರ್ಮಾಪಕರ ಮೇಲೆ ಮುನಿಸಿಕೊಂಡ ಅನ್ನೋದನ್ನ ಮುಂದಿನ ವಾರ ನೋಡಿಕೊಳ್ಳೋಣ. ಇವತ್ತು ಮನೆಯೊಳಗೆ ಟಾಕೀಸು ಕಟ್ಟೋ ಮಾತು. ಜೇಬಿನಲ್ಲಿ ಹದಿನೈದು ಸಾವಿರ, ತಲೆ ಮೇಲೆ ಮಲೆನಾಡಿನ ಮಳೆ, ಸಂಜೆಯಾದರೆ ಕೈಕೊಡುವ ಕರೆಂಟು. ಆಗುತ್ತಾ? ಆಗುತ್ತೆ ಸ್ವಾಮಿ, ಬೆಳಗೋಡಿನ ನಮ್ಮ ಮನೆಯಲ್ಲೇ ಆಗಿದೆ!

ಹೋಂ ಥಿಯೇಟರ್ ಬೇಕು ಅಂತ ಕೇಳಿ ನೋಡಿ, ಅಂಗಡಿಯಲ್ಲಿ ಮೊದಲು ಕೆಳಗಿಳಿಯೋದೇ ಒಂದು ದೊಡ್ಡ ರಟ್ಟಿನ ಡಬ್ಬಿ. ಒಳಗೆ ಐದು ಪುಟಾಣಿ ಸ್ಪೀಕರು, ಒಂದು ದಪ್ಪ ವೂಫರು, ಮೇಲೊಂದು ಬಂಗಾರದ ಬಣ್ಣದ ಚೀಟಿ: "5000 ವ್ಯಾಟ್ ಪಿ.ಎಂ.ಪಿ.ಓ.!" ಅಡುಗೆಮನೆ ಮಿಕ್ಸಿಯೇ 500, 750 ವ್ಯಾಟ್ ಎಳೆಯೋದು. ಈ ಡಬ್ಬಿ 5000 ಕೊಡೋದುಂಟೇ? ಪಿ.ಎಂ.ಪಿ.ಓ. ಲೆಕ್ಕಕ್ಕೆ ಯಾವ ಕಟ್ಟುಪಾಡೂ ಇಲ್ಲ, ಬರೆದವರದೇ ಲೆಕ್ಕ. ನೀವು ಕೇಳಬೇಕಾದ್ದು ಆರ್.ಎಂ.ಎಸ್. ವ್ಯಾಟ್. ನಮ್ಮ ನಿಮ್ಮಂಥವರ ಹಜಾರಕ್ಕೆ ಒಂದೊಂದು ಸ್ಪೀಕರಿಗೆ 20 ಆರ್.ಎಂ.ಎಸ್. ವ್ಯಾಟ್ ಇದ್ದರೆ ಧಾರಾಳ. ವ್ಯಾಟ್ ಎರಡು ಪಟ್ಟು ಮಾಡಿದರೆ ಶಬ್ದ ಏರೋದು ಬರೀ 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ ವ್ಯಾಟಿನ ಹಿಂದೆ ಓಡಬೇಡಿ.

ಇನ್ನು ಡಬ್ಬಿಯ ಮೇಲಿರೋ 5.1 ಅಂದ್ರೇನು? ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ನನ್ನಂಥವನಿಗೂ ತಿಳಿಯುವ ಹಾಗೆ ಹೇಳ್ತೀನಿ. ಮುಂದೆ ಎಡ, ನಡು, ಬಲ ಅಂತ ಮೂರು. ಪ್ರೇಕ್ಷಕರ ಅಕ್ಕಪಕ್ಕಕ್ಕೆ ಎರಡು. ಗುಡುಗು, ಸ್ಫೋಟದ ಸದ್ದಿಗೆ ವೂಫರು, ಅದೇ ಆ ಚುಕ್ಕಿ ಒಂದು. ಡಾಲ್ಬಿ ಡಿಜಿಟಲ್ ಅನ್ನೋ ಹೆಸರಿನಲ್ಲಿ ಈ ಏರ್ಪಾಡು ಟಾಕೀಸಿಗೆ ಬಂದದ್ದು 1992ರಲ್ಲಿ, ಹಾಲಿವುಡ್ಡಿನ "ಬ್ಯಾಟ್‌ಮನ್ ರಿಟರ್ನ್ಸ್" ಜೊತೆ. ಈ ಆರರಲ್ಲಿ ಹೀರೋ ಯಾರು ಹೇಳಿ? ನಡುವಿನದು! ಸಂಭಾಷಣೆ ಬಹುಪಾಲು ಬರೋದು ಅಲ್ಲಿಂದಲೇ.

ಈಗ ನಮ್ಮ ಮನೆಗಳಲ್ಲಿ ಪದೇ ಪದೇ ನೋಡೋ ಚಿತ್ರಗಳನ್ನ ನೆನಪು ಮಾಡಿಕೊಳ್ಳಿ. 1971ರ "ಕಸ್ತೂರಿ ನಿವಾಸ", 1972ರ "ಬಂಗಾರದ ಮನುಷ್ಯ", ಅದೇ ವರ್ಷದ "ನಾಗರಹಾವು"... ಆ ಕಾಲದಲ್ಲಿ ಧ್ವನಿಗೆ ದಾರಿ ಒಂದೇ. ರೀಲಿನ ಅಂಚಿನಲ್ಲಿ ಸಣ್ಣ ಪಟ್ಟಿಯಾಗಿ ಅಚ್ಚಾಗಿರುತ್ತಿತ್ತು. ಟಾಕೀಸಿನಲ್ಲಿ ಸ್ಪೀಕರು ಪರದೆಯ ಹಿಂದೆ, ಪರದೆಯ ತುಂಬಾ ಕಣ್ಣಿಗೆ ಕಾಣದಷ್ಟು ಸಣ್ಣ ತೂತು. ಅಣ್ಣಾವ್ರ ಮಾತು ಅಣ್ಣಾವ್ರ ಬಾಯಿಂದಲೇ ಬಂದ ಹಾಗೆ ಕೇಳುತ್ತಿದ್ದದ್ದು ಅದಕ್ಕೇ. ಇಂಥ ಚಿತ್ರಕ್ಕೆ ಆರು ಅಗ್ಗದ ಸ್ಪೀಕರು ಹಾಕೋದಕ್ಕಿಂತ ಎರಡು ಒಳ್ಳೇದು ಹಾಕೋದು ಲೇಸು. ಬಡವರ ಹೋಂ ಥಿಯೇಟರಿಗೆ ಸೂತ್ರ ಒಂದೇ: ಮೊದಲು ಮಾತು, ಆಮೇಲೆ ಗುಡುಗು.

ಈ ಸೂತ್ರ ನನಗೆ ಕಲಿಸಿದ್ದು ನಮ್ಮಪ್ಪನ ಕಿವಿ. ಅಪ್ಪ ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ರಾಜ್ ಚಿತ್ರ ಬಂತು ಅಂದ್ರೆ ಹಾಸನದ ಬಸ್ಸು ಹತ್ತಿಬಿಡೋರು. ಈಗ ಎಪ್ಪತ್ತರ ಹತ್ತಿರ, ಕಿವಿ ಮಂದ. ಟಿವಿ ಜೋರು ಮಾಡಿದರೆ, "ಕೇಳ್ಸುತ್ತೆ ಕಣೋ, ಏನಂದ ಅಂತ ಗೊತ್ತಾಗಲ್ಲ" ಅನ್ನೋರು. ತಮಾಷೆ ಸೀನಿನಲ್ಲಿ ನಾವು ನಕ್ಕ ಮೇಲೆ, ನಮ್ಮ ಮುಖ ನೋಡಿ, ಒಂದು ಗಳಿಗೆ ತಡವಾಗಿ ನಗೋರು. ಆಮೇಲೆ ಆಮೇಲೆ ಅದೂ ನಿಂತಿತು. ಟಿವಿ ಹಾಕಿದರೆ ಎದ್ದು ಜಗುಲಿಗೆ ಹೋಗಿ ಕೂರೋರು.

ಇದಕ್ಕೆ ಕಾರಣವಿದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳೋದು ಕೀರಲು ಸ್ವರಗಳನ್ನ. ಸ, ಶ, ತ, ಕ ಮುಂತಾದ ಅಕ್ಷರಗಳ ಗುರುತು ಇರೋದು ಅಲ್ಲೇ. ಸದ್ದು ಕೇಳುತ್ತೆ, ಮಾತು ಕೇಳಲ್ಲ. ಅದರ ಮೇಲೆ ಈಗಿನ ತೆಳ್ಳನೆ ಟಿವಿಗಳ ಸ್ಪೀಕರು ನೆಲ ನೋಡುತ್ತೋ ಗೋಡೆ ನೋಡುತ್ತೋ ಇರುತ್ತೆ, ನಮ್ಮನ್ನಂತೂ ನೋಡಲ್ಲ! ಅಪ್ಪನನ್ನ ಮೊದಲು ಕರೆದೊಯ್ದದ್ದು ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ, ಕಿವಿ ಪರೀಕ್ಷೆಗೆ. ನಿಮ್ಮ ಮನೆಯಲ್ಲೂ ಹೀಗಿದ್ದರೆ ಅದೇ ಮೊದಲ ಹೆಜ್ಜೆಯಾಗಲಿ. ಸ್ಪೀಕರು ಯಾವತ್ತೂ ಶ್ರವಣ ಸಾಧನಕ್ಕೆ ಬದಲಿ ಆಗಲ್ಲ. ಆದರೆ ಜೊತೆಗಾರ ಆಗಬಲ್ಲದು.

ಸರಿ, ಸಾಮಾನಿಗೆ ಬರೋಣ. ಶನಿವಾರ ಬೆಂಗಳೂರಿನ ಎಸ್.ಪಿ. ರಸ್ತೆ, ಭಾನುವಾರ ಚಿಕ್ಕಪೇಟೆ ಸುತ್ತಿನ ಸಂಡೇ ಬಜಾರು. ಹಳೇ ಸ್ಪೀಕರು ಕೊಳ್ಳುವಾಗ ಮೂರು ಪರೀಕ್ಷೆ ಮಾಡಿ. ಒಂದು, ಕೋನಿನ ಸುತ್ತಲ ಅಂಚು ಫೋಮಿನದಾಗಿದ್ದರೆ ಬೆರಳಿನಿಂದ ಮುಟ್ಟಿ, ಪುಡಿಪುಡಿಯಾದರೆ ಬೇಡ. ಎರಡು, ಕೋನನ್ನ ಮೆಲ್ಲಗೆ ಸಮವಾಗಿ ಒತ್ತಿ, ಕರಕರ ಅಂದರೆ ಒಳಗಿನ ಸುರುಳಿ ಉಜ್ಜುತ್ತಿದೆ. ಮೂರು, ಗಡಿಯಾರದ 1.5 ವೋಲ್ಟ್ ಸೆಲ್ ಒಂದನ್ನ ಕ್ಷಣಮಾತ್ರ ತಂತಿಗೆ ತಾಕಿಸಿ. ಪ್ಲಸ್ಸಿಗೆ ಪ್ಲಸ್ಸು ಸೇರಿದ್ದರೆ ಕೋನು ಟಪ್ ಅಂತ ಮುಂದೆ ಬರಬೇಕು. ಮನೆಯಲ್ಲಿ ಜೋಡಿಸುವಾಗಲೂ ಇದು ನೆನಪಿರಲಿ. ಒಂದು ಸ್ಪೀಕರಿನ ಪ್ಲಸ್ಸು ಮೈನಸ್ಸು ಅದಲು ಬದಲಾದರೆ ಬೇಸ್ ಮಾಯ, ಮಾತು ಬಾವಿಯೊಳಗಿಂದ ಬಂದ ಹಾಗೆ. ಎಷ್ಟೋ ಮನೆಗಳ "ಸರಿಯಿಲ್ಲದ" ಸೆಟ್ಟಿಗೆ ಮದ್ದು ಇಷ್ಟೇ, ಖರ್ಚು ಸೊನ್ನೆ.

ಆಂಪ್ಲಿಫೈಯರಿಗೆ ಎಸ್.ಪಿ. ರಸ್ತೆಯಲ್ಲಿ ಟಿ.ಪಿ.ಎ. 3116 ಅನ್ನೋ ಚಿಪ್ಪಿನ ಸಣ್ಣ ಬೋರ್ಡು ಸಿಗುತ್ತೆ. ಹಳೇ ಲ್ಯಾಪ್‌ಟಾಪಿನ 19 ವೋಲ್ಟ್ ಚಾರ್ಜರಿನಲ್ಲೇ ಓಡುತ್ತೆ. ಮಲೆನಾಡಿಗರಿಗೆ ಇನ್ನೊಂದು ಲಾಭವಿದೆ, ಇದು 12 ವೋಲ್ಟ್ ಬ್ಯಾಟರಿಯಲ್ಲೂ ಹಾಡುತ್ತೆ, ಸದ್ದು ತುಸು ಕಡಿಮೆ ಅಷ್ಟೇ. ನಡುವೆ ಫ್ಯೂಸ್ ಇರಲಿ, ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಟಿವಿಯಿಂದ ಧ್ವನಿ ತರೋಕೆ ಆಪ್ಟಿಕಲ್ ವೈರು ಮತ್ತು ಬೆಂಕಿಪೆಟ್ಟಿಗೆಯಂಥ ಒಂದು ಪರಿವರ್ತಕ ಸಾಕು. ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ "ಪಿ.ಸಿ.ಎಂ." ಅಂತ ಆರಿಸಿಕೊಳ್ಳಿ. ಡಾಲ್ಬಿ ಅಂತ ಬಿಟ್ಟರೆ ಈ ಅಗ್ಗದ ಪರಿವರ್ತಕಗಳು ಮೌನವ್ರತ ಹಿಡಿಯುತ್ತವೆ. ಬ್ಲೂಟೂತ್ ಬೇಡ್ವೇ ಅಂತೀರಾ? ಹಾಡಿಗೆ ಸರಿ. ಚಿತ್ರಕ್ಕಾದರೆ ಧ್ವನಿ ಹಿಂದೆ ಬೀಳುತ್ತೆ, ತುಟಿ ಒಂದು ಕಡೆ, ಮಾತು ಒಂದು ಕಡೆ. ತುಟಿ ನೋಡಿಯೇ ಅರ್ಧ ಮಾತು ಹಿಡಿಯೋ ಕಿವಿ ಮಂದದವರಿಗೆ ಇದರಷ್ಟು ಹಿಂಸೆ ಇನ್ನೊಂದಿಲ್ಲ.

ಸ್ಪೀಕರು ಇಡೋದು ಹೇಗೆ? ಎರಡು ಸ್ಪೀಕರು, ನಿಮ್ಮ ತಲೆ, ಮೂರೂ ಸೇರಿ ಸಮಬಾಹು ತ್ರಿಕೋನ. ಸ್ಪೀಕರುಗಳ ನಡುವೆ ಆರಡಿ, ಅಲ್ಲಿಂದ ಕುರ್ಚಿಗೂ ಆರಡಿ. ಸ್ಪೀಕರಿನ ಬಾಯಿ ಕೂತವರ ಕಿವಿಯ ಮಟ್ಟಕ್ಕೆ. ಸ್ಟ್ಯಾಂಡಿಗೆ ಪ್ಲೈವುಡ್ ಹಾಕಿಸಿ. ಒತ್ತಿದ ಹುಡಿಯ ಹಲಗೆ ನಮ್ಮ ತೇವಕ್ಕೆ ಉಬ್ಬಿಕೊಳ್ಳುತ್ತೆ. ಗಾರೆ ನೆಲ, ಬೋಳು ಗೋಡೆಗೆ ಮಾತು ಬಡಿದು ಬಡಿದು ಕಲಸಿಹೋಗುತ್ತೆ. ಮದ್ದು ಮನೆಯಲ್ಲೇ ಇದೆ, ಕಂಬಳಿ! ಸ್ಪೀಕರಿಗೂ ಕುರ್ಚಿಗೂ ನಡುವೆ ನೆಲಕ್ಕೊಂದು ಹಾಸಿ, ಬೆನ್ನ ಹಿಂದಿನ ಗೋಡೆಗೆ ಎರಡು ಮಡಿಕೆಯ ಇನ್ನೊಂದು ತೂಗುಹಾಕಿ. ಮೊಟ್ಟೆ ಟ್ರೇ ಅಂಟಿಸೋ ಉಪದೇಶ ಯಾರಾದರೂ ಕೊಟ್ಟರೆ ನಕ್ಕು ಸುಮ್ಮನಾಗಿ. ಇನ್ನು ಮಳೆ. ಶೀಟು ಹೊದಿಸಿದ ಕೋಣೆಯಲ್ಲಿ ಜುಲೈ ತಿಂಗಳಲ್ಲಿ ಯಾವ ಸ್ಪೀಕರೂ ಗೆಲ್ಲಲ್ಲ. ಮೇಲೆ ಅಟ್ಟ ಇರೋ ಕೋಣೆ ಆರಿಸಿಕೊಳ್ಳಿ. ಅಟ್ಟದ ಹಲಗೆ, ಅದರ ಮೇಲಿನ ಮೂಟೆಗಳೇ ಮಳೆಯ ಸದ್ದಿಗೆ ತಡೆಗೋಡೆ.

ಚಿತ್ರದ ಮಾತು ಎತ್ತಲೇ ಇಲ್ಲವಲ್ಲ ಅಂತೀರಾ? ಇದ್ದ ಟಿವಿಯೇ ಸಾಕು. 43 ಇಂಚಿನ ಟಿವಿಯ ಮುಂದೆ ಆರಡಿ ದೂರದಲ್ಲಿ ಕೂತರೆ ಕಣ್ಣಿಗೆ ಸುಮಾರು 30 ಡಿಗ್ರಿ ತುಂಬುತ್ತೆ, ಟಾಕೀಸಿನ ಹಿಂದಿನ ಸಾಲಿನ ಲೆಕ್ಕ. ದೊಡ್ಡ ಟಿವಿ ಕೊಳ್ಳೋದಕ್ಕಿಂತ ಕುರ್ಚಿ ಮುಂದೆ ಎಳೆಯೋದು ಅಗ್ಗ! ಅಂದ ಹಾಗೆ, ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ 1977ರ "ಸೊಸೆ ತಂದ ಸೌಭಾಗ್ಯ". ಅದಕ್ಕೂ ಹಿಂದಿನ ಚಿತ್ರಗಳ ಚೌಕಟ್ಟು ಚೌಕದ ಕಡೆಗೆ. ಟಿವಿಯ ಎರಡು ಬದಿ ಕಪ್ಪು ಪಟ್ಟಿ ಬಂದರೆ ಬರಲಿ, ಹಿಗ್ಗಿಸಬೇಡಿ. ಹಿಗ್ಗಿಸಿದರೆ ಕಲ್ಪನಾಗೂ ಗಲ್ಲ ಊದಿಕೊಳ್ಳುತ್ತೆ. ಅಗ್ಗದ ಪ್ರೊಜೆಕ್ಟರಿನ ಮೇಲೆ "1080 ಸಪೋರ್ಟ್" ಅಂತಿದ್ದರೆ ಎಚ್ಚರ. ಅದು ಒಳಗೆ ತೆಗೆದುಕೊಳ್ಳೋ ಲೆಕ್ಕ, ಗೋಡೆ ಮೇಲೆ ಬಿಡೋ ಲೆಕ್ಕ ಬೇರೆ. "ನೇಟಿವ್" ಎಷ್ಟು ಅಂತ ಕೇಳಿ.

ನಮ್ಮ ಮನೆಯ ಖರ್ಚು ಇಲ್ಲಿದೆ, ಮುಚ್ಚುಮರೆಯಿಲ್ಲ. ಹಳೇ ಸ್ಪೀಕರು ಜೋಡಿ 5500, ಆಂಪ್ಲಿಫೈಯರ್ ಬೋರ್ಡು ಪೆಟ್ಟಿಗೆ ಸಮೇತ 1200, ಪರಿವರ್ತಕ 600, ತಾಮ್ರದ ತಂತಿ 400, ಸ್ಟೆಬಿಲೈಸರ್ 2000, ಸರ್ಜ್ ತಡೆಯೋ ಪಟ್ಟಿ 600, ಬಡಗಿ ಕೂಲಿ, ಪ್ಲೈವುಡ್ 1200, ಬಸ್ಸು, ಊಟ 1300. ಒಟ್ಟು 12,800. ಸರ್ಜ್ ಪಟ್ಟಿ ಇದೆ ಅಂತ ಮೈಮರೆಯಬೇಡಿ. ಏಪ್ರಿಲ್ ಮೇ ತಿಂಗಳಲ್ಲಿ ಗುಡುಗು ಶುರುವಾದರೆ ಪ್ಲಗ್ಗು ಕಿತ್ತುಬಿಡಿ, ಕೇಬಲ್ ವೈರೂ ಕೀಳಿ.

ಜೋಡಿಸಿದ ರಾತ್ರಿ ಹಾಕಿದ್ದು ಹಳೇ ತಮಾಷೆ ಚಿತ್ರ. ಜಗುಲಿಯಲ್ಲಿದ್ದ ಅಪ್ಪನನ್ನ ನಾವು ಯಾರೂ ಕರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನಿಂತರು, ಆಮೇಲೆ ಕುರ್ಚಿಗೆ ಬಂದರು. ನರಸಿಂಹರಾಜು ಬಾಯಿ ತೆಗೆದರು ನೋಡಿ, ಅಪ್ಪ ನಮ್ಮ ಮುಖ ನೋಡಲಿಲ್ಲ. ನಮ್ಮ ಜೊತೆಗೇ ನಕ್ಕರು. ಎಲ್ಲಾ ಮಾತೂ ಹತ್ತುತ್ತೆ ಅಂತಲ್ಲ, ಈಗಿನ ಚಿತ್ರಗಳ ಸಂಗೀತದ ಅಬ್ಬರದಲ್ಲಿ ಈಗಲೂ ತಪ್ಪುತ್ತೆ. ಉಳಿದ 2200 ರೂಪಾಯಿ ಅದಕ್ಕೇ ಎತ್ತಿಟ್ಟಿದೆ, ನಡುವಿನ ಸ್ಪೀಕರಿನ ಗಂಟಿಗೆ. ಅದನ್ನ ನಡೆಸೋಕೆ ಬೇರೆ ರಿಸೀವರ್ ಬೇಕು, ನಿಧಾನಕ್ಕೆ ಆಗಲಿ. 2022ರ "ಕಾಂತಾರ"ದ ಕೂಗು ಸುತ್ತಮುತ್ತಲಿಂದ ಕೇಳಬೇಕು ಅಂದರೆ ಅಕ್ಕಪಕ್ಕದ ಎರಡೂ ಬರಬೇಕು. ಅದಕ್ಕೆ ಇನ್ನೆಷ್ಟು ಕಾಫಿ ಕೊಯ್ಲು ಕಾಯಬೇಕೋ!

ಕೊನೆಯದಾಗಿ ಒಂದು ಮಾತು. ಸ್ಪೀಕರು ಪರೀಕ್ಷೆಗೆ ಅಂತ ಅಂಗಡಿಯವರು ಫೈಟಿಂಗ್ ಸೀನ್ ಹಾಕ್ತಾರೆ. ಒಪ್ಪಬೇಡಿ. ಮೊಬೈಲಿನಲ್ಲಿ ನಿಮ್ಮದೇ ಒಂದು ಸಂಭಾಷಣೆಯ ಸೀನು ಇಟ್ಟುಕೊಂಡು ಹೋಗಿ ಹಾಕಿಸಿ. ಸಾಧ್ಯವಾದರೆ ಮನೆಯಲ್ಲಿ ಕಿವಿ ಎಲ್ಲರಿಗಿಂತ ಮಂದವಾದವರನ್ನ ಜೊತೆಗೆ ಕರೆದುಕೊಂಡು ಹೋಗಿ. ಅವರು ತಲೆಯಾಡಿಸಿದ ಸೆಟ್ಟನ್ನೇ ಕೊಳ್ಳಿ.